ಬಜೆ ತೇಯ್ದ ಕೈ

ಆಸ್ಪತ್ರೆಗೆ ಹೋಗಿ ಒಂದು ಚಮಚದಷ್ಟು ರಕ್ತ ಕೊಟ್ಟು ಬಂದ ಶೀನಣ್ಣನವರು ದಂಡಯಾತ್ರೆ ಮುಗಿಸಿ ಬಂದವರಂತೆ ಜಗಲಿಯ ಮೇಲೆ ಕಾಲು ಚಾಚಿ ಕೂತರು. ಮೊಣಕೈಗೆ ಅಂಟಿಸಿದ್ದ ಹತ್ತಿಯನ್ನು ಕೀಳಲಿಲ್ಲ. ಬೀದಿಯಲ್ಲಿ ಹೋಗಿಬರುವವರಿಗೆಲ್ಲ ಅದನ್ನು ತೋರಿಸಿ, ಸೂಜಿ ಚುಚ್ಚಿದಾಗ ತಾವು ಹುಬ್ಬು ಕೂಡ ಗಂಟಿಕ್ಕಲಿಲ್ಲವೆಂದು ಹೇಳಿಯಾಯಿತು. ಆಮೇಲೆ ಒಳಗೆ ಬಂದು, ರಕ್ತ ಹೋದ ಲೆಕ್ಕಕ್ಕೆ ಇನ್ನೊಂದು ಲೋಟ ಕಾಫಿ ಬೇಕೆಂದರು. ಡಿಕಾಕ್ಷನ್ ಮುಗಿದಿದೆ ಎಂದಳು ಸುಂದರಮ್ಮ. ಮುಗಿದಿರಲಿಲ್ಲ, ಮಗ ಆಫೀಸಿನಿಂದ ಬರುವ ಹೊತ್ತಿಗೆಂದು ಎತ್ತಿಟ್ಟಿದ್ದಳು.

"ನಂದು ಪಾಸಿಟಿವ್ ಅಂತೆ. ಅಂದ್ರೆ ನನ್ನಿಂದ ಏನೂ ಗೊತ್ತಾಗಲಿಲ್ಲ. ಇನ್ನು ನೀನೊಬ್ಳೇ ಉಳಿದಿರೋದು. ನಾಳೆ ಹೋಗಿ ಕೊಟ್ಬಿಡು, ಇರುವೆ ಕಚ್ಚಿದ ಹಾಗೆ ಅಷ್ಟೆ."

"ನಾಳೆ ಏಕಾದಶಿ."

"ನಾಡಿದ್ದು?"

"ನಾಡಿದ್ದು ಹಪ್ಪಳದ ಹಿಟ್ಟು ಕುಟ್ಟಬೇಕು. ಬಿಸಿಲು ನಮಗೋಸ್ಕರ ಕಾಯ್ತಾ ಕೂತಿರತ್ತಾ?"

ಶೀನಣ್ಣನವರು ಏನೋ ಹೇಳಲು ಬಾಯಿ ತೆರೆದರು. ಒಳಗಿನ ಕೋಣೆಯಲ್ಲಿ ಸೊಸೆ ಗೋದಾ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿ ಮತ್ತೆ ಜಗಲಿಗೆ ಹೋದರು.

ಗೋದಾಳಿಗೆ ಇದು ಮೂರನೆಯ ಬಸಿರು. ಮೊದಲನೆಯ ಮಗು ಹುಟ್ಟಿದ ದಿನವೇ ಹಳದಿ ತಿರುಗಿ, ತೊಟ್ಟಿಲು ಕಾಣುವ ಮೊದಲೇ ಹೋಗಿತ್ತು. ಎರಡನೆಯದು ಏಳು ತಿಂಗಳಿಗೆ ಹೊಟ್ಟೆಯಲ್ಲೇ ಊದಿಕೊಂಡು ಸತ್ತಿತ್ತು. ಚಾಮರಾಜಪೇಟೆಯ ಆ ಹೆಂಚಿನ ಮನೆಯಲ್ಲಿ ಈ ಸಲ ಬಸಿರಿನ ಸುದ್ದಿ ತಿಳಿದಾಗ ಯಾರೂ ಬಾಯಿಗೆ ಸಕ್ಕರೆ ಹಾಕಿಕೊಳ್ಳಲಿಲ್ಲ. ಚಕ್ರಪಾಣಿ ಹೆಂಡತಿಯನ್ನೂ ಅಪ್ಪ ಅಮ್ಮಂದಿರನ್ನೂ ಕರೆದುಕೊಂಡು ನೇರವಾಗಿ ಡಾಕ್ಟರಮ್ಮನ ಬಳಿಗೆ ಹೋಗಿದ್ದ.

ಡಾಕ್ಟರಮ್ಮ ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದ್ದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ರಕ್ತದ ಕೆಂಪು ಕಣಗಳ ಮೈಮೇಲೆ ಒಂದು ಗುರುತು ಇರುತ್ತದಂತೆ. ಅದು ಇದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್. ಗೋದಾಳಿಗೆ ಇಲ್ಲ, ಚಕ್ರಪಾಣಿಗೆ ಇದೆ. ಗೋದಾ ಹುಡುಗಿಯಾಗಿದ್ದಾಗ ಹೊಟ್ಟೆಯ ಆಪರೇಷನ್ ಆಗಿ, ಅವಳ ಅಣ್ಣನ ರಕ್ತವನ್ನು ಅವಳಿಗೆ ಕೊಟ್ಟಿದ್ದರು. ಆ ಊರಿನಲ್ಲಿ ಆಗ ಈ ಗುರುತನ್ನು ನೋಡುವ ಪರೀಕ್ಷೆ ಇರಲಿಲ್ಲ. ಅಣ್ಣನ ರಕ್ತದಲ್ಲಿ ಗುರುತು ಇತ್ತು. ಅಂದಿನಿಂದ ಅವಳ ಮೈ ಆ ಗುರುತನ್ನು ಪರಕೀಯವೆಂದು ತಿಳಿದು ಅದರ ಮೇಲೆ ಕತ್ತಿ ಮಸೆದುಕೊಂಡು ಕೂತಿದೆ. ಅಪ್ಪನ ಗುರುತು ಹೊತ್ತ ಮಗು ಹೊಟ್ಟೆಗೆ ಬಂದರೆ ಅದರ ರಕ್ತವನ್ನೇ ಒಡೆದು ಹಾಕುತ್ತದೆ.

ಇಷ್ಟು ಕೇಳುವಷ್ಟರಲ್ಲೇ ಸುಂದರಮ್ಮನಿಗೆ ಸಾಕಾಗಿ ಹೋಗಿತ್ತು. ಆದರೆ ಮುಖ್ಯವಾದದ್ದು ಆಮೇಲೆ ಬಂತು. ಮಕ್ಕಳಿಗೆ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರುತ್ತದೆ. ಚಕ್ರಪಾಣಿಗೆ ಎರಡು ಪಾಲೂ ಗುರುತಿನದೇ ಆಗಿದ್ದರೆ ಅವನ ಮಕ್ಕಳೆಲ್ಲ ಪಾಸಿಟಿವ್, ಈ ಮಗುವೂ ಹೋದಂತೆಯೇ. ಗೋದಾಳ ಜೀವಕ್ಕೂ ಕುತ್ತು ತಂದುಕೊಳ್ಳುವ ಬದಲು ಈಗಲೇ ತೆಗೆಸಿಬಿಡುವುದು ವಾಸಿ. ಒಂದೇ ಪಾಲು ಇದ್ದರೆ, ಅರ್ಧದಷ್ಟು ಅದೃಷ್ಟವಿದೆ: ಮಗು ತಾಯಿಯಂತೆಯೇ ನೆಗೆಟಿವ್ ಆಗಿ ಹುಟ್ಟಬಹುದು, ಹಾಗಾದರೆ ಅದಕ್ಕೆ ಕೂದಲೂ ಕೊಂಕುವುದಿಲ್ಲ. ಯಾವುದು ಎಂದು ತಿಳಿಯಲು ಸುಲಭದ ದಾರಿ, ಚಕ್ರಪಾಣಿಯ ಅಪ್ಪ ಅಮ್ಮನ ರಕ್ತ ನೋಡುವುದು. ಇಬ್ಬರಲ್ಲಿ ಒಬ್ಬರು ನೆಗೆಟಿವ್ ಆಗಿದ್ದರೂ ಸಾಕು, ಅವನದು ಒಂದೇ ಪಾಲು.

"ಅಮ್ಮಾ, ಇವರಾದ ಮೇಲೆ ನಿಮಗೆ ಬೇರೆ ಮಕ್ಕಳಾಗಲಿಲ್ವಾ?" ಎಂದು ಡಾಕ್ಟರಮ್ಮ ಅವಳ ಕಡೆ ತಿರುಗಿದ್ದರು.

"ಆಯ್ತು. ಉಳೀಲಿಲ್ಲ. ಅದು ಬೇರೆ ವಿಷಯ."

"ಮಗು ಹಳದಿ ಆಗಿತ್ತಾ?"

ಸುಂದರಮ್ಮ ಬಸ್ಸು ತಪ್ಪುತ್ತದೆ ಎಂದು ಎದ್ದುಬಿಟ್ಟಿದ್ದಳು. ಆ ಪ್ರಶ್ನೆ ಮಾತ್ರ ಅವಳ ಜೊತೆಯಲ್ಲೇ ಬಸ್ಸು ಹತ್ತಿ ಮನೆಗೆ ಬಂದು, ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಿತ್ತು.

ಹಳದಿ ಆಗಿತ್ತು. ಚಕ್ರಪಾಣಿಯ ನಂತರ ಹುಟ್ಟಿದ ಗಂಡು ಮಗು ಅದು. ಆಗ ಇದೇ ಮನೆಯಲ್ಲಿ ಅತ್ತೆ, ಮೈದುನ, ಮೈದುನನ ಹೆಂಡತಿ ಚೂಡಾಮಣಿ ಎಲ್ಲರೂ ಒಟ್ಟಿಗಿದ್ದರು. ಚೂಡಾಮಣಿ ಆಗಷ್ಟೇ ಮದುವೆಯಾಗಿ ಬಂದ ಹುಡುಗಿ. ಅತ್ತೆ ಹೇಳಿದರೆಂದು ಎರಡನೆಯ ದಿನ ಬೆಳಿಗ್ಗೆ ಬಾಣಂತಿ ಕೋಣೆಯಲ್ಲಿ ಕೂತು, ಸುಟ್ಟ ಬಜೆಯನ್ನು ತಾಯಿ ಹಾಲಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಸವರಿದಳು. ಸಂಜೆಯ ಹೊತ್ತಿಗೆ ಮಗು ಅರಿಶಿನದಲ್ಲಿ ಅದ್ದಿ ತೆಗೆದ ಹಾಗಾಗಿತ್ತು. ನಾಲ್ಕನೆಯ ದಿನ ಹೋಯಿತು. ಬಜೆ ಹೆಚ್ಚಾಯಿತು, ಸರಿಯಾಗಿ ಸುಡದೆ ತೇಯ್ದಳು, ಬೇಕೆಂದೇ ಮಾಡಿದಳು. ಹೀಗೆ ಒಂದೊಂದು ಸಲ ಹೇಳುವಾಗಲೂ ಸುಂದರಮ್ಮನ ಮಾತು ಒಂದೊಂದು ಗೇಣು ಬೆಳೆಯಿತು. ಮತ್ತೊಂದು ಮಗು ಸತ್ತೇ ಹುಟ್ಟಿದಾಗ ಅದಕ್ಕೂ ಚೂಡಾಮಣಿಯ ಕಣ್ಣೇ ಕಾರಣವಾಯಿತು. ಒಲೆ ಎರಡಾಯಿತು, ಆಮೇಲೆ ಮನೆಯೂ ಎರಡಾಯಿತು. ಮೈದುನ ಹೆಂಡತಿಯನ್ನು ಕರೆದುಕೊಂಡು ಶಂಕರಪುರಂಗೆ ಹೋದ. ನೆಂಟರಲ್ಲಿ ಬಾಣಂತಿ ಇದ್ದ ಯಾವ ಮನೆಯವರೂ ಅಂದಿನಿಂದ ಚೂಡಾಮಣಿಯನ್ನು ಕೋಣೆಯೊಳಕ್ಕೆ ಕರೆಯಲಿಲ್ಲ. ಮೈದುನ ತೀರಿಕೊಂಡಾಗ ಸುಂದರಮ್ಮ ವೈಕುಂಠ ಸಮಾರಾಧನೆಗೆ ಹೋಗಿ, ಊಟ ಮಾಡಿ, ಒಂದು ಮಾತೂ ಆಡದೆ ಬಂದಿದ್ದಳು.

ಈಗ ಈ ಡಾಕ್ಟರಮ್ಮ, ಅದು ನಿನ್ನ ರಕ್ತದಲ್ಲೇ ಇದ್ದಿರಬಹುದು ಎನ್ನುವ ಹಾಗೆ ಮುಖ ನೋಡುತ್ತಾಳೆ. ರಕ್ತ ಕೊಟ್ಟು ನೆಗೆಟಿವ್ ಎಂದು ಬಂದರೆ ಸೊಸೆಯ ಮಗುವಿಗೆ ದಾರಿ ತೆರೆಯುತ್ತದೆ, ಆದರೆ ಇಷ್ಟು ವರ್ಷ ಊರಿಗೆಲ್ಲ ಸಾರಿದ್ದು ಸುಳ್ಳಾಗುತ್ತದೆ. ಕೊಡದಿದ್ದರೆ ಹಳೆಯದು ಹಳೆಯದಾಗಿಯೇ ಇರುತ್ತದೆ, ಗೋದಾ ಆಸ್ಪತ್ರೆಯ ಮಂಚ ಹತ್ತುತ್ತಾಳೆ. ಸುಂದರಮ್ಮ ಇದನ್ನು ಇಷ್ಟು ಬಿಡಿಸಿ ಯೋಚಿಸಲಿಲ್ಲ. ಯೋಚಿಸಬಾರದೆಂದೇ ಹಪ್ಪಳಕ್ಕೆ ಕೂತಳು.

ಹಪ್ಪಳ ಮುಗಿದ ಮೇಲೆ ಸಂಡಿಗೆ. ಸಂಡಿಗೆ ಒಣಗುವಷ್ಟರಲ್ಲಿ ತಿಥಿಯೊಂದು ಬಂತು. ತಿಥಿ ಮುಗಿದ ಮೇಲೆ ಮಂಡಿನೋವು. ಬೆಳಗಿನ ಜಾವ ನಲ್ಲಿ ನೀರು ಹಿಡಿದು, ಹಂಡೆ ತುಂಬಿಸಿ, ಸೀಮೆಎಣ್ಣೆಯ ಕ್ಯೂನಲ್ಲಿ ನಿಂತು ಬಂದು, ಅನ್ನ ಹುಳಿ ಇಳಿಸಿ, ಗೋದಾಳಿಗೆ ಸಾರು ಬೇರೆ ಮಾಡಿ ಕೂರುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗುತ್ತಿತ್ತು. ದಣಿವು ಸುಳ್ಳಲ್ಲ. ಆದರೆ ದಣಿವನ್ನು ಅವಳು ಬಾಗಿಲಿಗೆ ಅಡ್ಡವಾಗಿ ಇಟ್ಟುಕೊಂಡಿದ್ದಳು ಎಂಬುದೂ ಸುಳ್ಳಲ್ಲ. ಮನೆಗೆಲಸದ ಅಂಜಮ್ಮ ಕೂಡ ಅದನ್ನು ಕಂಡುಹಿಡಿದು, ಬಿಸಿಲಲ್ಲಿ ಇಡೀ ದಿನ ಕೂರುವವರಿಗೆ ಆಸ್ಪತ್ರೆ ಮಾತ್ರ ದೂರವಾಯಿತಾ ಎಂದು ಪಾತ್ರೆ ತಿಕ್ಕುತ್ತ ಕೇಳಿದಳು. ಅವಳಿಗೆ ಆ ದಿನ ಕಾಫಿ ಸಿಗಲಿಲ್ಲ.

ಚಕ್ರಪಾಣಿ ಮೊದಲು ಸಮಾಧಾನದಿಂದಲೇ ಹೇಳಿದ. ಆಮೇಲೆ ಹೇಳುವುದನ್ನು ಬಿಟ್ಟ. ಮಜ್ಜಿಗೆ ಬಡಿಸಿದರೂ ಸಾಕು ಎನ್ನದೆ, ಬೇಕು ಎನ್ನದೆ ಎದ್ದುಹೋಗುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಗೋದಾ ಬರಲಿಲ್ಲ. ಅಪ್ಪ ಮಗ ಇಬ್ಬರೇ ಎಲೆಯ ಮುಂದೆ ಕೂತಿದ್ದರು. ಸುಂದರಮ್ಮ ಹೊಸ ಹಪ್ಪಳ ಕರಿದು ಮಗನ ಎಲೆಗೆ ಹಾಕಿದಳು. ಅವನು ಅದನ್ನು ಎಲೆಯಾಚೆ ತೆಗೆದಿಟ್ಟ.

"ಡಾಕ್ಟರು ಇನ್ನು ಕಾಯಕ್ಕಾಗಲ್ಲ ಅಂದ್ರು. ಗುರುವಾರ ಅಡ್ಮಿಟ್ ಮಾಡಿ ಅಂದಿದಾರೆ."

"ಅವರು ಹೇಳಿದ ಹಾಗೆ ಮಾಡಪ್ಪ. ನಾನೇನು ಬೇಡ ಅಂದ್ನಾ?"

"ಒಂದು ತೊಟ್ಟು ರಕ್ತ ಕೊಡು ಅಂತ ಕೇಳಿದ್ವಿ ಅಮ್ಮ. ಯಾಕೆ ಕೊಡಲ್ಲ ಅಂತ ಅದನ್ನಾದ್ರೂ ಹೇಳು."

"ನನ್ನ ರಕ್ತದಲ್ಲಿ ಏನು ಹುಡುಕ್ತಾರೆ? ನಿನ್ನ ಹೆತ್ತಿಲ್ವಾ ನಾನು, ಗುಂಡುಕಲ್ಲಿನ ಹಾಗೆ?"

"ನನ್ನ ಹೆತ್ತೆ. ನನ್ನ ನಂತರದವರ ಕಥೆ ನೀನೇ ಹೇಳಬೇಕು."

ಸುಂದರಮ್ಮನ ಕೈಯ ಸೌಟು ಅನ್ನದ ಪಾತ್ರೆಗೆ ಬಡಿಯಿತು. "ಅದಕ್ಕೆ ಉತ್ತರ ಕೊಡೋಳು ಶಂಕರಪುರಂನಲ್ಲಿದಾಳೆ. ಹೋಗಿ ಅಲ್ಲಿ ಕೇಳು."

ಅದುವರೆಗೆ ತಲೆ ಬಗ್ಗಿಸಿ ಉಣ್ಣುತ್ತಿದ್ದ ಶೀನಣ್ಣನವರು ಕೈ ಹಿಂದಕ್ಕೆ ತೆಗೆದರು. ಮದುವೆಯಾದಾಗಿನಿಂದ ಅವರು ಎಲೆಯ ಮೇಲೆ ಅನ್ನ ಬಿಟ್ಟು ಎದ್ದದ್ದನ್ನು ಸುಂದರಮ್ಮ ಕಂಡಿರಲಿಲ್ಲ. "ಸಾಕು ಮಾಡೇ," ಎಂದರು ಮೆಲ್ಲಗೆ. "ತಮ್ಮ ಸಾಯೋವಾಗ್ಲೂ ನನ್ನ ಕೈ ಹಿಡ್ಕೊಂಡು, ಅವಳು ಏನೂ ಮಾಡಿರಲಿಲ್ಲ ಕಣೋ ಅಂದ. ನಾನು ಹೂಂ ಅನ್ನಲಿಲ್ಲ. ನಿನಗೆ ಹೆದರಿ ಹೂಂ ಅನ್ನಲಿಲ್ಲ."

ಅವರು ಕೈ ತೊಳೆಯಲು ಹೋದರು. ಹಪ್ಪಳ ಎಲೆಯಾಚೆ ಹಾಗೆಯೇ ಮೆತ್ತಗಾಯಿತು.

ಬುಧವಾರ ಮಧ್ಯಾಹ್ನ ಸುಂದರಮ್ಮ ಹಿತ್ತಲಿನಿಂದ ಸಂಡಿಗೆಯ ಚಾಪೆ ಎತ್ತಿಕೊಂಡು ಬಂದಾಗ ಗೋದಾ ನಡುಮನೆಯಲ್ಲಿ ಬಟ್ಟೆಯ ಚೀಲ ತುಂಬುತ್ತಿದ್ದಳು. ಒಂದು ಲೋಟ, ತಟ್ಟೆ, ಎರಡು ಸೀರೆ. ಅವಳ ಮುಖ ಬಿಳಚಿಕೊಂಡಿತ್ತು. ಈ ಹುಡುಗಿ ಮನೆಗೆ ಬಂದಾಗಿನಿಂದ ಒಂದು ದಿನವೂ ಎದುರು ಮಾತಾಡಿದವಳಲ್ಲ, ಮಕ್ಕಳು ಹೋದಾಗಲೂ ಅತ್ತದ್ದು ಬಚ್ಚಲಲ್ಲೇ.

"ಅತ್ತೆ, ಹಳೇ ಸೀರೆ ಇದ್ರೆ ಎರಡು ಕೊಡಿ. ಹೋದ ಸಲದ್ದು ಅಲ್ಲೇ ಬಿಟ್ಬಂದೆ."

ಸುಂದರಮ್ಮ ಪೆಟ್ಟಿಗೆ ತೆಗೆದು ಎರಡು ಹತ್ತಿ ಸೀರೆ ಆರಿಸಿದಳು. ತನ್ನ ಎರಡನೆಯ ಮಗುವಿಗೂ ಹೀಗೇ ಒಂದು ಹಳೆಯ ಸೀರೆಯನ್ನು ಹರಿದು ಕೊಟ್ಟಿದ್ದರು, ಸುತ್ತಿ ಒಯ್ಯಲು.

"ನೀನು ಒಂದ್ಸಲಾನೂ ನನ್ನ ಕೇಳಲಿಲ್ವಲ್ಲೇ," ಎಂದಳು.

"ಕೇಳಿ ಏನ್ಮಾಡಲಿ ಅತ್ತೆ. ನಿಮಗೆ ಏನೋ ಸಂಕಟ ಇದೆ ಅಂತ ಗೊತ್ತು. ಕೊಟ್ಟು, ಅದೂ ಪಾಸಿಟಿವ್ ಅಂತ ಬಂದ್ರೆ, ಆಗ ಏನೂ ಉಳಿಯಲ್ಲ. ಈಗ ಇರಬಹುದಿತ್ತು ಅಂತಾದ್ರೂ ಅಂದ್ಕೋಬಹುದು." ಗೋದಾ ಸೀರೆಗಳನ್ನು ತೆಗೆದುಕೊಂಡು ಮಡಿಚಿದಳು. "ನನಗೂ ಸಾಕಾಗಿದೆ."

ಸುಂದರಮ್ಮ ಪೆಟ್ಟಿಗೆ ಮುಚ್ಚಿದಳು. ಆಮೇಲೆ ಮಂಡಿಗೆ ಕೈ ಊರಿ ಎದ್ದು, ಹಿಟ್ಟು ಮೆತ್ತಿದ್ದ ಸೀರೆ ಬದಲಾಯಿಸಿ, ಕೊಡೆ ತೆಗೆದುಕೊಂಡಳು. ಸಂಡಿಗೆಯ ಚಾಪೆ ಹಾಗೇ ಬಿದ್ದಿತ್ತು.

"ನಡಿ," ಎಂದಳು. "ಗುರುವಾರದವರೆಗೆ ಯಾಕೆ ಕಾಯೋದು."

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ್ದು ಇರುವೆ ಕಚ್ಚಿದ ಹಾಗಿರಲಿಲ್ಲ, ಚೆನ್ನಾಗಿಯೇ ನೋವಾಯಿತು. ಗಂಡನ ಮೇಲೆ ಅಷ್ಟರಮಟ್ಟಿಗೆ ಕೋಪ ಬಂತು. ಪರೀಕ್ಷೆಯ ಕೋಣೆಯ ಹುಡುಗಿ ಹೊರಗೆ ಕೂರಿ ಎಂದರೂ ಸುಂದರಮ್ಮ ಕೂರಲಿಲ್ಲ, ತನ್ನ ರಕ್ತವನ್ನು ಏನು ಮಾಡುತ್ತಾರೋ ತಾನೇ ನೋಡಬೇಕೆಂದು ಬಾಗಿಲಲ್ಲಿ ನಿಂತಳು. ಹುಡುಗಿ ಗಾಜಿನ ಪಟ್ಟಿಯ ಮೇಲೆ ಎರಡು ಕಡೆ ರಕ್ತದ ತೊಟ್ಟು ಇಟ್ಟಳು. ಒಂದು ಸುಂದರಮ್ಮನದು, ಇನ್ನೊಂದು ಗೊತ್ತಿರುವ ಪಾಸಿಟಿವ್ ರಕ್ತ. ಸಣ್ಣ ಸೀಸೆಯಿಂದ ನೀರಿನಂಥದ್ದನ್ನು ಎರಡಕ್ಕೂ ಬಿಟ್ಟು ಕಡ್ಡಿಯಿಂದ ಕಲೆಸಿದಳು. ಆ ಸೀಸೆಯಲ್ಲಿರುವುದು ಗೋದಾಳಂಥವರ ರಕ್ತದಿಂದಲೇ ತೆಗೆದದ್ದಂತೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಕೊಟ್ಟದ್ದು, ಅದು ಆ ಗುರುತನ್ನು ಎಲ್ಲಿದ್ದರೂ ಹುಡುಕಿ ಹಿಡಿಯುತ್ತದಂತೆ. ಹೋದ ಸಲ ಗೋದಾ ಕೂಡ ಕೊಟ್ಟಿದ್ದಳೆಂದೂ, ಅದು ಖಾಲಿಯಾಗಿ ಇದು ಬೇರೆ ಯಾರದೋ ಎಂದೂ ಹುಡುಗಿ ಹೇಳಿದಳು. ಸುಂದರಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಗೋದಾಳ ಕಡೆ ನೋಡಿದಳು. ಗೋದಾ ನೆಲ ನೋಡುತ್ತಿದ್ದಳು.

ಹುಡುಗಿ ಪಟ್ಟಿಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿದಳು. ಒಂದು ಕಡೆಯ ತೊಟ್ಟು ಒಡೆದ ಹಾಲಿನಂತೆ ಗರಣೆಗರಣೆಯಾಯಿತು. ಇನ್ನೊಂದು ಕಡೆಯದು ಕುಂಕುಮದ ನೀರಿನಂತೆ ನುಣ್ಣಗೆ ಹಾಗೇ ಇತ್ತು. ಎಷ್ಟು ಆಡಿಸಿದರೂ ಹಾಗೇ ಇತ್ತು. ಯಾವುದು ತನ್ನದು ಎಂದು ಸುಂದರಮ್ಮ ಕೇಳಲಿಲ್ಲ.

ಖಚಿತವಾಗಲೆಂದು ಇನ್ನೊಂದು ಸಲ ನೋಡಿದ ಮೇಲೆ ಡಾಕ್ಟರಮ್ಮನೇ ಬಂದರು. "ನೆಗೆಟಿವ್ ನೀವು. ಇನ್ನು ತೆಗೆಸೋ ಮಾತು ಬೇಡ, ನೋಡೋಣ. ಗ್ಯಾರಂಟಿ ಕೊಡಲ್ಲ ನಾನು. ಹೀಗೂ ಆಗಬಹುದು, ಹಾಗೂ ಆಗಬಹುದು. ಆದ್ರೆ ಕಾಯಕ್ಕೆ ಒಂದು ಕಾರಣ ಸಿಕ್ತು."

ಗೋದಾ ಅಲ್ಲೇ ಬೆಂಚಿನ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸುಂದರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆದರೆ ಅವಳ ಕಣ್ಣು ಡಾಕ್ಟರಮ್ಮನ ಮೇಲೇ ಇತ್ತು.

"ಡಾಕ್ಟ್ರೇ, ನನ್ನ ಮಗೂನೂ ಹಳದಿ ಆಗಿತ್ತು. ಬಜೆ ತೇಯ್ದು ಹಾಕಿದ್ರು. ಬಜೆಯಿಂದ ಹಾಗಾಗತ್ತಾ?"

"ಯಾವತ್ತು ಹಾಕಿದ್ದು?"

"ಹುಟ್ಟಿದ ಮಾರನೇ ದಿನ. ಸಾಯಂಕಾಲಕ್ಕೆ ಪೂರ್ತಿ ಹಳದಿ."

"ಇಲ್ಲಮ್ಮ. ಒಂದು ಸಲ ನಾಲಿಗೆಗೆ ಸವರಿದ ಬಜೆಯಿಂದ ಹಾಗಾಗಲ್ಲ. ಅದು ಹೊಟ್ಟೇಲಿರೋವಾಗ್ಲೇ ಶುರುವಾಗಿರತ್ತೆ. ನಿಮ್ಮ ಸೊಸೆ ಮಕ್ಕಳಿಗೆ ಆಗಿದ್ದೇ ನಿಮ್ಮ ಮಗೂಗೂ ಆಗಿರಬೇಕು." ಡಾಕ್ಟರಮ್ಮ ಅವಳ ಮುಖ ನೋಡಿ ದನಿ ತಗ್ಗಿಸಿದರು. "ಯಾರ ತಪ್ಪೂ ಅಲ್ಲ ಅದು. ನಿಮ್ಮದೂ ಅಲ್ಲ."

ಅವರ ಒಳ್ಳೆಯತನ ಅದು. ಕಾಯಿಲೆ ತನ್ನ ತಪ್ಪಲ್ಲ ಎಂದು ಸುಂದರಮ್ಮನಿಗೂ ಅರ್ಥವಾಯಿತು. ತಪ್ಪು ಆಮೇಲಿನದು, ಅದು ಡಾಕ್ಟರಮ್ಮನಿಗೆ ಹೇಗೆ ಗೊತ್ತಾಗಬೇಕು.

ಮನೆಯಲ್ಲಿ ಆ ಸಂಜೆ ಹಬ್ಬದಂತಿತ್ತು. ಹೆಂಡತಿ ನೆಗೆಟಿವ್ ಎನ್ನುವುದು ತಮಗೆ ಮೊದಲಿನಿಂದಲೂ ಗೊತ್ತಿತ್ತು, ಒಂದು ದಿನವಾದರೂ ಹೂಂ ಎಂದವಳೇ ಅಲ್ಲ ಎಂದು ಶೀನಣ್ಣನವರು ತಮಾಷೆ ಮಾಡಿದರು. ಚಕ್ರಪಾಣಿ ಅಮ್ಮನ ಪಕ್ಕ ಬಂದು ಕೂತು, ತಾನಾಗಿಯೇ ಹಪ್ಪಳ ಕೇಳಿ ಹಾಕಿಸಿಕೊಂಡ. ಬಜೆಯ ಮಾತನ್ನು ಗೋದಾ ಯಾರಿಗೂ ಹೇಳಲಿಲ್ಲ. ಸುಂದರಮ್ಮನೂ ಹೇಳಲಿಲ್ಲ.

ಹಾಗೆಯೇ ವಾರಗಳು ಕಳೆದವು. ಯುಗಾದಿ ಬಂತು, ಹೋಯಿತು. ಗೋದಾ ಆಗಾಗ ಹೋಗಿ ರಕ್ತ ತೋರಿಸಿಕೊಂಡು ಬರುತ್ತಿದ್ದಳು. ಅವಳ ರಕ್ತದಲ್ಲಿ ಮಸೆದಿಟ್ಟ ಕತ್ತಿ ಈ ಸಲ ಮೇಲೇಳುತ್ತಿಲ್ಲ, ಇದ್ದಷ್ಟೇ ಇದೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಹೋದ ಸಲ ಇಷ್ಟರಲ್ಲಿ ಏರಿತ್ತಂತೆ. ಒಳ್ಳೆಯ ಲಕ್ಷಣ, ಆದರೂ ಈಗಲೇ ಕುಣಿಯಬೇಡಿ ಎಂದರಂತೆ. ಸುದ್ದಿ ಒಳ್ಳೆಯದಾದಷ್ಟೂ ಸುಂದರಮ್ಮನಿಗೆ ಊಟ ಸೇರದಾಯಿತು. ಮಗು ಉಳಿಯುವ ದಾರಿ ಹಿಡಿದಿದೆ. ತಾನು ಮಾತ್ರ ನಿಂತಲ್ಲೇ ನಿಂತಿದ್ದೇನೆ.

ಒಂದು ಬೆಳಿಗ್ಗೆ ಗಾಂಧಿ ಬಜಾರಿಗೆ ತರಕಾರಿಗೆಂದು ಹೋದವಳು ಒಂದು ಮೊಳ ಮಲ್ಲಿಗೆ ಕಟ್ಟಿಸಿಕೊಂಡಳು. ಕಟ್ಟಿಸಿಕೊಂಡ ಮೇಲೆ ನೆನಪಾಯಿತು, ಚೂಡಾಮಣಿ ಈಗ ಹೂ ಮುಡಿಯುವುದಿಲ್ಲ. ಹೂವನ್ನು ಚೀಲಕ್ಕೆ ಹಾಕಿ, ಬಾಳೆಹಣ್ಣು ಕೊಂಡು, ಶಂಕರಪುರಂ ಕಡೆಗೆ ನಡೆದಳು. ದಾರಿಯುದ್ದಕ್ಕೂ ಕಾಲು ಹಿಂದೆ ಎಳೆಯುತ್ತಿತ್ತು. ಮಂಡಿನೋವಿನ ನೆಪವೂ ಇತ್ತು.

ಆ ಮನೆಯಲ್ಲಿ ಬಾಣಂತಿ ಇದ್ದಳು. ಚೂಡಾಮಣಿಯ ಸೊಸೆ ಹೆತ್ತು ತಿಂಗಳಾಗಿತ್ತು. ಸುಂದರಮ್ಮ ಒಳಗೆ ಕಾಲಿಟ್ಟಾಗ ಬಚ್ಚಲಿನಲ್ಲಿ ಎಣ್ಣೆನೀರು ಎರೆಯುವ ಪಿಳ್ಳಮ್ಮ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಗಟ್ಟಿಯಾಗಿ ಮಾತಾಡಿಸುತ್ತಿದ್ದಳು. ಬಸವನಗುಡಿಯಿಂದ ಚಾಮರಾಜಪೇಟೆಯವರೆಗೆ ಮಗು ಹುಟ್ಟಿದ ಮನೆಯಲ್ಲೆಲ್ಲ ಪಿಳ್ಳಮ್ಮನದೇ ಕೈ, ಅವಳದೇ ಬಾಯಿ. ಚೂಡಾಮಣಿ ಬಚ್ಚಲಿನ ಹೊಸ್ತಿಲಿನಿಂದ ಈಚೆಗೆ, ತೊಡೆಯ ಮೇಲೆ ಒಣ ಬಟ್ಟೆ ಹರಡಿಕೊಂಡು ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

ಅವಳು ಓರಗಿತ್ತಿಯನ್ನು ನೋಡಿ ಎದ್ದಳು. ಆಶ್ಚರ್ಯಪಡುವ ಶಕ್ತಿಯೂ ಅವಳಲ್ಲಿ ಉಳಿದಂತಿರಲಿಲ್ಲ. ಚಾಪೆ ಹಾಸಿ, ಕಾಫಿ ತಂದು ಮುಂದಿಟ್ಟಳು. ಸುಂದರಮ್ಮ ಲೋಟ ಮುಟ್ಟದೆ, ದಾರಿಯಲ್ಲಿ ಜೋಡಿಸಿಕೊಂಡು ಬಂದ ಪೀಠಿಕೆಯನ್ನೆಲ್ಲ ಮರೆತು, ನೇರವಾಗಿ ಹೇಳಿಬಿಟ್ಟಳು.

"ನನ್ನ ಮಗು ಹೋಗಿದ್ದು ಬಜೆಯಿಂದ ಅಲ್ಲ ಚೂಡಾ. ನನ್ನ ರಕ್ತಾನೇ ಹಾಗಿತ್ತು. ಆಸ್ಪತ್ರೇಲಿ ನೋಡಿದ್ರು. ಹೊಟ್ಟೇಲೇ ಶುರುವಾಗಿತ್ತಂತೆ. ನೀನು ಏನೂ ಮಾಡಿರಲಿಲ್ಲ."

ಚೂಡಾಮಣಿ ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಇದ್ದಳು.

"ನಾನೇ ಕೊಂದೆ ಅಂತ ಅಂದ್ಕೊಂಡಿದ್ದೆ ಅಕ್ಕ," ಎಂದಳು. "ನೀವು ಅಷ್ಟು ಗಟ್ಟಿಯಾಗಿ ಹೇಳೋವಾಗ ನಿಜವೇ ಇರಬೇಕು ಅಂತ. ಒಂದು ಸುತ್ತು ಜಾಸ್ತಿ ತೇಯ್ದೆನಾ, ಸುಟ್ಟಿದ್ದು ಕಡಿಮೆ ಆಯ್ತಾ ಅಂತ. ತೇಯೋ ಹೊತ್ತಿಗೇ ಮಗು ಕಣ್ಣು ಹಳದಿ ಇತ್ತು ಅಂತ ಒಂದೊಂದ್ಸಲ ನೆನಪಾಗೋದು. ತಪ್ಪಿಸಿಕೊಳ್ಳಕ್ಕೆ ಹಾಗೆ ನೆನಪು ಮಾಡ್ಕೋತಿದೀನಿ ಅನ್ಸೋದು. ನನ್ನ ಮಕ್ಕಳಿಗೂ ಬಜೆ ತೇಯಲಿಲ್ಲ ನಾನು. ನಮ್ಮಮ್ಮ ಬಂದು ತೇಯ್ದು ಹೋಗೋರು."

ಸುಂದರಮ್ಮ ಮುಟ್ಟದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಅವಳು ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಇನ್ನು ಕೆಲವು ತಿಂಗಳಿಗೆ ಗೋದಾಗೆ ದಿನ ತುಂಬತ್ತೆ," ಎಂದಳು ಕಡೆಗೆ. "ಮಗು ಉಳಿದ್ರೆ ನೀನೇ ಬಂದು ನಿಂತ್ಕೋಬೇಕು."

ಚೂಡಾಮಣಿ ಎದ್ದು ಕೋಣೆಯ ಬಾಗಿಲ ಬಳಿ ಹೋಗಿ, "ಸ್ವಲ್ಪ ಹೊರಗೆ ಬಾಮ್ಮ," ಎಂದು ಸೊಸೆಯನ್ನು ಕರೆದಳು. ತಲೆಗೆ ಬಟ್ಟೆ ಸುತ್ತಿಕೊಂಡ ಎಳೆಯ ಹುಡುಗಿ ಬಂದು, ಅತ್ತೆಯಿಂದ ಸ್ವಲ್ಪ ದೂರವಾಗಿ ಬಾಗಿಲಿಗೆ ಒರಗಿ ನಿಂತಳು.

"ಅಕ್ಕ," ಎಂದಳು ಚೂಡಾಮಣಿ. "ಆ ಹಳೇ ಮಾತು ಇವಳ ಕಿವಿಗೂ ಬಿದ್ದಿದೆ. ಈಗ ನನಗೆ ಹೇಳಿದ್ದನ್ನ ಇವಳ ಮುಂದೆ ಇನ್ನೊಂದ್ಸಲ ಹೇಳಿ."

ಸುಂದರಮ್ಮ ಗೋಡೆ ಹಿಡಿದು ಎದ್ದು ನಿಂತಳು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ನಿಲ್ಲುವವರೆಗೆ ಕಾದಳು. ಆಮೇಲೆ ಪಿಳ್ಳಮ್ಮನಿಗೂ ಚೆನ್ನಾಗಿ ಕೇಳಿಸಲಿ ಎಂದು, ಹಿಂದೆ ಚೂಡಾಮಣಿಯನ್ನು ದೂರುವಾಗ ಎಷ್ಟು ಎತ್ತುತ್ತಿದ್ದಳೋ ಅಷ್ಟೇ ದನಿ ಎತ್ತಿ, ಮೊದಲಿನಿಂದ ಹೇಳತೊಡಗಿದಳು.